ಮೈಲುತುತ್ತ ನೀರಿನಲ್ಲಿ ಕರಗುತ್ತದೆ, ಸೀಮೆಎಣ್ಣೆಯಲ್ಲಿ ಏಕಿಲ್ಲ?

ಮೈಲುತುತ್ತದ ನೀಲಿ ಹರಳು ನೀರಿಗೆ ಬಿದ್ದರೆ ಕರಗುತ್ತದೆ. ಸೀಮೆಎಣ್ಣೆಯಲ್ಲಿ ಎಷ್ಟು ದಿನ ಬಿದ್ದಿದ್ದರೂ ಹಾಗೇ ಉಳಿಯುತ್ತದೆ. ಅದೇ ನೀರಿಗೆ ಸುಣ್ಣ ಹಾಕಿದರೆ ಅದರಲ್ಲಿ ಬಹುಪಾಲು ಕರಗದೆ, ನೀರನ್ನು ಬೆಳ್ಳಗಾಗಿಸಿ, ಸ್ವಲ್ಪ ಹೊತ್ತಿಗೆ ತಳ ಸೇರುತ್ತದೆ. ಮೈಲುತುತ್ತದ ನೀರನ್ನೂ ಸುಣ್ಣದ ನೀರನ್ನೂ ಸೇರಿಸಿದರಂತೂ ಕರಗಿದ್ದ ತಾಮ್ರವೇ ಮತ್ತೆ ಗಟ್ಟಿಯಾಗಿ ತಿಳಿನೀಲಿ ಗಸಿಯಾಗುತ್ತದೆ. ವಸ್ತಾರೆ ಹೋಬಳಿಯಿಂದ ಮೂಡಿಗೆರೆ, ಕಳಸದವರೆಗೆ ಕಾಫಿ ಗಿಡಕ್ಕೋ ಅಡಿಕೆ ಗೊನೆಗೋ ಈ ಮಿಶ್ರಣವನ್ನು, ಅಂದರೆ ಬೋರ್ಡೋ ದ್ರಾವಣವನ್ನು, ಹೊಡೆದವರೆಲ್ಲ ಇದನ್ನು ಕಣ್ಣಾರೆ ಕಂಡಿದ್ದಾರೆ. ಇಷ್ಟಕ್ಕೂ ಮೂಲ ಒಂದೇ: ಲವಣದ ಕಣಗಳು ತಮ್ಮತಮ್ಮಲ್ಲಿ ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ, ದ್ರವದ ಅಣುಗಳು ಅವನ್ನು ಎಷ್ಟು ಬಲವಾಗಿ ಸೆಳೆಯುತ್ತವೆ ಎಂಬುದು. ದ್ರವದ ಈ ಸೆಳೆತಕ್ಕೆ ಮುಖ್ಯ ಕಾರಣ ಅದರ ಧ್ರುವೀಯತೆ.

ಲವಣ ಎಂದರೆ ಅಡುಗೆ ಉಪ್ಪು ಮಾತ್ರವಲ್ಲ. ಧನ ವಿದ್ಯುದಾವೇಶದ ಕಣಗಳೂ ಋಣ ವಿದ್ಯುದಾವೇಶದ ಕಣಗಳೂ ಸಾಲಾಗಿ, ಪದರ ಪದರವಾಗಿ ಜೋಡಿಸಿಕೊಂಡ ಗಟ್ಟಿ ವಸ್ತು ಅದು. ಈ ಕಣಗಳಿಗೆ ಅಯಾನು ಎಂದು ಹೆಸರು. ಅಡುಗೆ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್, ತೋಟಕ್ಕೆ ಹಾಕುವ ಪೊಟ್ಯಾಷ್‌ನಲ್ಲಿ ಪೊಟ್ಯಾಸಿಯಂ ಮತ್ತು ಕ್ಲೋರೈಡ್, ಮೈಲುತುತ್ತದಲ್ಲಿ ತಾಮ್ರ ಮತ್ತು ಸಲ್ಫೇಟ್ ಅಯಾನುಗಳಿವೆ. ವಿರುದ್ಧ ಆವೇಶಗಳ ಸೆಳೆತವೇ ಹರಳನ್ನು ಕಟ್ಟಿ ನಿಲ್ಲಿಸಿರುವ ಬಲ. ಅದು ಸಣ್ಣ ಬಲವಲ್ಲ. ಒಂದು ಮೋಲ್, ಅಂದರೆ ಸುಮಾರು 58 ಗ್ರಾಂ ಅಡುಗೆ ಉಪ್ಪನ್ನು ಬಿಡಿ ಬಿಡಿ ಅಯಾನುಗಳಾಗಿ ಬೇರ್ಪಡಿಸಲು 787 ಕಿಲೋಜೂಲ್ ಶಕ್ತಿ ಬೇಕು. ಉಪ್ಪು 801 ಡಿಗ್ರಿ ಸೆಲ್ಸಿಯಸ್‌ಗೆ ಕಾಯದೆ ಕರಗಿ ದ್ರವವಾಗುವುದಿಲ್ಲ ಎಂಬುದೂ ಈ ಹಿಡಿತದ ಗುರುತೇ. ಅಂಥ ಉಪ್ಪು ಒಂದು ಲೋಟ ತಣ್ಣೀರಿನಲ್ಲಿ ನಿಮಿಷದೊಳಗೆ ಮಾಯವಾಗುವುದು ನಿಜಕ್ಕೂ ಬೆರಗಿನ ಸಂಗತಿ. ದಿನವೂ ಕಾಣುವುದರಿಂದ ಬೆರಗು ಮರೆತುಹೋಗಿದೆ.

ಈ ಕೆಲಸ ನೀರಿಗೆ ಸಾಧ್ಯವಾಗುವುದು ಅದರ ಅಣುವಿನ ರಚನೆಯಿಂದ. ಒಂದು ಆಮ್ಲಜನಕ, ಎರಡು ಜಲಜನಕ. ಆಮ್ಲಜನಕ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವುದರಿಂದ ಆ ಬದಿ ಸ್ವಲ್ಪ ಋಣ, ಜಲಜನಕದ ಬದಿ ಸ್ವಲ್ಪ ಧನ. ಅಣು ನೇರವಾಗಿದ್ದರೆ ಎರಡು ಕಡೆಯ ಎಳೆತ ಒಂದನ್ನೊಂದು ರದ್ದು ಮಾಡಿಬಿಡುತ್ತಿದ್ದವು. ಇಂಗಾಲದ ಡೈಆಕ್ಸೈಡ್‌ನಲ್ಲಿ ಆಗುವುದು ಹಾಗೆಯೇ. ನೀರಿನ ಅಣು ಮಾತ್ರ 104.5 ಡಿಗ್ರಿ ಕೋನದಲ್ಲಿ ಬಾಗಿದೆ. ಹಾಗಾಗಿ ಅದಕ್ಕೆ ಒಂದು ಧನ ತುದಿ, ಒಂದು ಋಣ ತುದಿ ಉಳಿಯುತ್ತವೆ. ಹೀಗೆ ಎರಡು ಧ್ರುವಗಳಿರುವ ಅಣುಗಳ ದ್ರವವನ್ನು ಧ್ರುವೀಯ ದ್ರಾವಕ ಎನ್ನುತ್ತಾರೆ. ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ಇವೆಲ್ಲ ಇಂಗಾಲ ಮತ್ತು ಜಲಜನಕದ ಉದ್ದ ಸರಪಳಿಗಳು. ಅವುಗಳಲ್ಲಿ ಎಲೆಕ್ಟ್ರಾನ್‌ಗಳು ಬಹುಮಟ್ಟಿಗೆ ಸಮವಾಗಿ ಹಂಚಿಕೊಂಡಿವೆ, ಹೇಳಿಕೊಳ್ಳುವಂಥ ಧ್ರುವಗಳಿಲ್ಲ. ಅವು ಅಧ್ರುವೀಯ.

ಲವಣದ ಹರಳು ನೀರಿಗೆ ಬಿದ್ದ ಕೂಡಲೇ ಅದರ ಮೂಲೆ ಮತ್ತು ಅಂಚುಗಳಲ್ಲಿರುವ ಅಯಾನುಗಳನ್ನು ನೀರಿನ ಅಣುಗಳು ಸುತ್ತುವರಿಯುತ್ತವೆ. ಧನ ಅಯಾನಿನ ಕಡೆಗೆ ಆಮ್ಲಜನಕದ ತುದಿ, ಋಣ ಅಯಾನಿನ ಕಡೆಗೆ ಜಲಜನಕದ ತುದಿ ತಿರುಗುತ್ತದೆ. ಸಾಕಷ್ಟು ಅಣುಗಳು ಸೇರಿದರೆ ಅಯಾನು ಹರಳಿನಿಂದ ಕಳಚಿಕೊಂಡು, ನೀರಿನ ಕವಚವನ್ನು ಹೊದ್ದುಕೊಂಡೇ ದ್ರಾವಣದೊಳಗೆ ಹೊರಟುಬಿಡುತ್ತದೆ. ಮೈಲುತುತ್ತದಲ್ಲಿ ಈ ಕವಚದ ಗುರುತು ಹರಳಿನೊಳಗೇ ಇದೆ. ಅಂಗಡಿಯಲ್ಲಿ ಸಿಗುವ ನೀಲಿ ಹರಳಿನಲ್ಲಿ ಪ್ರತಿಯೊಂದು ತಾಮ್ರದ ಅಯಾನಿನ ಸುತ್ತ ನಾಲ್ಕು ನೀರಿನ ಅಣುಗಳಿವೆ, ಐದನೆಯದು ಸಲ್ಫೇಟ್‌ಗೆ ಅಂಟಿಕೊಂಡಿದೆ. ಹರಳನ್ನು ಚೆನ್ನಾಗಿ ಕಾಯಿಸಿ ಈ ನೀರನ್ನೆಲ್ಲ ಓಡಿಸಿದರೆ ನೀಲಿ ಹೋಗಿ ಬಿಳಿ ಪುಡಿ ಉಳಿಯುತ್ತದೆ. ಆ ಪುಡಿಗೆ ಹನಿ ನೀರು ತಾಕಿಸಿದರೆ ಸಾಕು, ಬಿಸಿ ಹೊರಸೂಸುತ್ತ ಮತ್ತೆ ನೀಲಿಗೆ ತಿರುಗುತ್ತದೆ. ಆ ಬಿಸಿಯೇ ತಾಮ್ರಕ್ಕೂ ನೀರಿಗೂ ನಡುವಣ ಸೆಳೆತದ ಪುರಾವೆ. ಇದೇ ಬಿಳಿ ಪುಡಿಯನ್ನು ಶುದ್ಧ ಎಥೆನಾಲ್‌ಗೆ ಹಾಕಿದರೆ ಅದು ಬಹುತೇಕ ಕರಗುವುದಿಲ್ಲ, ಬಿಳಿಯಾಗಿಯೇ ಉಳಿಯುತ್ತದೆ. ಎಥೆನಾಲ್‌ನಲ್ಲಿ ನೀರಿನ ಅಂಶವಿದ್ದರೆ ಮಾತ್ರ ನೀಲಿಯಾಗುತ್ತದೆ. ಮದ್ಯಸಾರದಲ್ಲಿ ನೀರು ಬೆರೆತಿದೆಯೇ ಎಂದು ಪರೀಕ್ಷಿಸಲು ಪ್ರಯೋಗಾಲಯಗಳಲ್ಲಿ ಇದು ಹಳೆಯ ವಿಧಾನ.

ಇಲ್ಲಿ ನಡೆಯುವುದು ತೋಟದ ಖರ್ಚು–ಜಮೆಯ ಲೆಕ್ಕದಂಥದೇ ಒಂದು ಲೆಕ್ಕ. ಹರಳನ್ನು ಒಡೆಯುವುದು ಖರ್ಚು. ಅಯಾನುಗಳಿಗೆ ದ್ರಾವಕದ ಕವಚ ಕಟ್ಟುವಾಗ ಹೊರಬರುವ ಶಕ್ತಿ ಜಮೆ. ಅಡುಗೆ ಉಪ್ಪಿಗೆ ನೀರಿನಲ್ಲಿ ಖರ್ಚು 787, ಜಮೆ ಸುಮಾರು 783. ಅಂದರೆ 4 ಕಿಲೋಜೂಲ್‌ನಷ್ಟು ನಷ್ಟ! ಆದರೂ ಉಪ್ಪು ಕರಗುತ್ತದೆ. ಕ್ರಮವಾಗಿ ಕಟ್ಟಿಕೊಂಡಿದ್ದ ಅಯಾನುಗಳು ದ್ರಾವಣದಲ್ಲಿ ಎಲ್ಲೆಂದರಲ್ಲಿ ಚದುರಿಹೋಗಲು ಸಿಗುವ ಸ್ವಾತಂತ್ರ್ಯ ಆ ಸಣ್ಣ ನಷ್ಟವನ್ನು ತುಂಬಿಕೊಡುತ್ತದೆ. ಎರಡು ಬದಿಯ ಮೊತ್ತವೂ ಭಾರಿ ದೊಡ್ಡದು, ಹೆಚ್ಚುಕಡಿಮೆ ಸಮ. ತೀರ್ಮಾನ ನಿಂತಿರುವುದು ಅವುಗಳ ನಡುವಿನ ಸಣ್ಣ ಅಂತರದ ಮೇಲೆ. ಇದನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ಎಷ್ಟೋ ವಿಚಿತ್ರಗಳು ಅರ್ಥವಾಗುತ್ತವೆ. ಜಮೆಯಲ್ಲಿ ನೂರಕ್ಕೆ ಒಂದು ಪಾಲು ಕಡಿಮೆಯಾದರೂ ಅದು 8 ಕಿಲೋಜೂಲ್; ಕೋಣೆಯ ತಾಪದಲ್ಲಿ ಕಣಗಳ ಚಲನೆಗೆ ಸಿಗುವ ಶಕ್ತಿ ಮೋಲ್‌ಗೆ ಸುಮಾರು 2.5 ಕಿಲೋಜೂಲ್ ಮಾತ್ರ. ಹಾಗಾಗಿ ದ್ರಾವಕವನ್ನು ಸ್ವಲ್ಪ ಬದಲಿಸಿದರೂ ಕರಗುವ ಪ್ರಮಾಣ ನೂರಾರು ಪಟ್ಟು ಬದಲಾಗಬಹುದು.

ದ್ರಾವಕದ ಈ ಸಾಮರ್ಥ್ಯವನ್ನು ಅಂಕಿಯಲ್ಲಿ ಹೇಳುವ ಒಂದು ಅಳತೆ ಡೈಎಲೆಕ್ಟ್ರಿಕ್ ಸ್ಥಿರಾಂಕ. ಎರಡು ಆವೇಶಗಳ ನಡುವಿನ ಸೆಳೆತವನ್ನು ಆ ದ್ರವ ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬುದನ್ನು ಅದು ತಿಳಿಸುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗೆ ಈ ಅಂಕಿ 80. ನಿರ್ವಾತದಲ್ಲಿ ಇರುವ ಸೆಳೆತ ನೀರಿನೊಳಗೆ ಎಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೆಥನಾಲ್‌ಗೆ ಸುಮಾರು 33, ಎಥೆನಾಲ್‌ಗೆ 25, ಅಸಿಟೋನ್‌ಗೆ 21, ಸೀಮೆಎಣ್ಣೆಗೆ ಕೇವಲ 2ರ ಆಸುಪಾಸು. ಬೇರ್ಪಟ್ಟ ಎರಡು ಅಯಾನುಗಳು ಮತ್ತೆ ಕೂಡದಿರಬೇಕಾದರೆ ಎಷ್ಟು ದೂರ ಸರಿಯಬೇಕು ಎಂದು ಇದರಿಂದ ಲೆಕ್ಕ ಹಾಕಬಹುದು. ಒಂದೊಂದು ಆವೇಶದ ಅಯಾನುಗಳಿಗೆ ನೀರಿನಲ್ಲಿ ಈ ದೂರ 0.7 ನ್ಯಾನೊಮೀಟರ್, ಎಥೆನಾಲ್‌ನಲ್ಲಿ 2.3 ನ್ಯಾನೊಮೀಟರ್, ಸೀಮೆಎಣ್ಣೆಯಲ್ಲಿ 28 ನ್ಯಾನೊಮೀಟರ್ ಸಮೀಪ. ನೀರಿನಲ್ಲಿ ಎರಡು ಅಯಾನುಗಳ ನಡುವೆ ಒಂದೆರಡು ನೀರಿನ ಅಣುಗಳು ನುಗ್ಗಿದರೆ ಸಾಕು, ಅವು ಬಿಡುಗಡೆಯಾದಂತೆ. ಸೀಮೆಎಣ್ಣೆಯಲ್ಲಿ ಅಷ್ಟು ದೂರ ಹೋಗುವುದರೊಳಗೆ ಅವು ಮತ್ತೆ ಒಂದನ್ನೊಂದು ಎಳೆದುಕೊಂಡುಬಿಡುತ್ತವೆ.

ಅಡುಗೆ ಉಪ್ಪಿನ ಅಂಕಿಗಳು ಇದನ್ನು ಸ್ಪಷ್ಟವಾಗಿ ತೋರಿಸುತ್ತವೆ. 25 ಡಿಗ್ರಿಯಲ್ಲಿ 100 ಗ್ರಾಂ ನೀರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಅಷ್ಟೇ ಮೆಥನಾಲ್‌ನಲ್ಲಿ ಕರಗುವುದು ಸುಮಾರು 1.4 ಗ್ರಾಂ, ಎಥೆನಾಲ್‌ನಲ್ಲಿ 0.065 ಗ್ರಾಂ, ಅಸಿಟೋನ್‌ನಲ್ಲಿ ಕರಗುವುದು ತಕ್ಕಡಿಗೇ ಸಿಗದಷ್ಟು. ಧ್ರುವೀಯತೆ ಇಳಿದಂತೆ ಕರಗುವಿಕೆ ಕುಸಿಯುತ್ತ ಹೋಗುತ್ತದೆ.

ಇದನ್ನೇ ಶಾಲೆಯ ಪುಸ್ತಕಗಳು ಸಮಾನವು ಸಮಾನದಲ್ಲಿ ಕರಗುತ್ತದೆ ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಮೊದಲ ಹೆಜ್ಜೆಗೆ ಅದು ಸರಿಯೇ. ಆದರೆ ಅಲ್ಲಿಗೇ ನಿಂತರೆ ಸುಣ್ಣದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸುಣ್ಣವೂ ಲವಣದಂತೆ ಅಯಾನುಗಳಿಂದಲೇ ಆದದ್ದು, ನೀರೂ ಅದೇ ನೀರು. ಆದರೂ 20 ಡಿಗ್ರಿಯಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಕರಗುವ ಸುಣ್ಣ 0.17 ಗ್ರಾಂ ಮಾತ್ರ. ಮೈಲುತುತ್ತ ಸುಮಾರು 32 ಗ್ರಾಂ. ದ್ರಾವಕದ ಧ್ರುವೀಯತೆ ಲೆಕ್ಕದ ಒಂದು ಬದಿ ಮಾತ್ರ. ಹರಳಿನ ಬಿಗಿ ಇನ್ನೊಂದು ಬದಿ. ಸುಣ್ಣದಲ್ಲಿ ಕ್ಯಾಲ್ಸಿಯಂಗೆ ಎರಡು ಆವೇಶ, ಹೈಡ್ರಾಕ್ಸೈಡ್ ಅಯಾನು ಗಾತ್ರದಲ್ಲಿ ಚಿಕ್ಕದು. ಎರಡೂ ಹತ್ತಿರ ಹತ್ತಿರ ಕುಳಿತು ಬಿಗಿಯಾಗಿ ಹಿಡಿದುಕೊಂಡಿವೆ. ಸುಣ್ಣಕ್ಕೆ ಇನ್ನೊಂದು ವಿಶೇಷ ಗುಣವೂ ಇದೆ: ನೀರು ಕಾದಂತೆಲ್ಲ ಅದು ಕರಗುವುದು ಇನ್ನೂ ಕಡಿಮೆ. ಕುದಿಯುವ ನೀರಿನಲ್ಲಿ ಅದರ ಕರಗುವಿಕೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಮೈಲುತುತ್ತಕ್ಕೆ ಇದು ತಿರುವುಮುರುವು. ಬಿಸಿನೀರಿನಲ್ಲಿ ಅದು ಹಲವು ಪಟ್ಟು ಹೆಚ್ಚು ಕರಗುತ್ತದೆ.

ಧ್ರುವೀಯತೆಯ ಅಂಕಿಯೊಂದನ್ನೇ ನಂಬುವಂತಿಲ್ಲ ಎನ್ನಲು ಬೇರೆ ನಿದರ್ಶನಗಳೂ ಇವೆ. ಫಾರ್ಮಮೈಡ್ ಎಂಬ ದ್ರವದ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 110, ನೀರಿಗಿಂತಲೂ ಹೆಚ್ಚು. ಆದರೂ ಅದರ 100 ಗ್ರಾಂನಲ್ಲಿ ಕರಗುವ ಉಪ್ಪು 10 ಗ್ರಾಂ ಕೂಡ ಇಲ್ಲ. ನೀರಿನ ಅಣು ಪುಟ್ಟದು. ಅಯಾನಿನ ಸುತ್ತ ಇಕ್ಕಟ್ಟಿನಲ್ಲಿಯೂ ಹೊಂದಿಕೊಂಡು ಕೂರಬಲ್ಲದು. ಧನ ಅಯಾನಿಗೆ ಆಮ್ಲಜನಕವನ್ನೂ ಋಣ ಅಯಾನಿಗೆ ಜಲಜನಕ ಬಂಧವನ್ನೂ ಅದು ಏಕಕಾಲಕ್ಕೆ ಒದಗಿಸುತ್ತದೆ. ಅಸಿಟೋನ್‌ಗೆ ಇದು ಸಾಧ್ಯವಿಲ್ಲ. ತನ್ನ ಆಮ್ಲಜನಕದಿಂದ ಅದು ಸೋಡಿಯಂ ಅನ್ನು ಹಿಡಿಯಬಲ್ಲದು, ಕ್ಲೋರೈಡ್ ಅನ್ನು ಸಂತೈಸಲು ಅದರ ಬಳಿ ಏನೂ ಇಲ್ಲ. ಆದರೆ ಕ್ಲೋರೈಡ್‌ನ ಜಾಗದಲ್ಲಿ ಅಯೊಡೈಡ್ ಇದ್ದರೆ ಕಥೆಯೇ ಬದಲಾಗುತ್ತದೆ. ಅಯೊಡೈಡ್ ದೊಡ್ಡ ಅಯಾನು, ಅದರ ಆವೇಶ ವಿಶಾಲವಾಗಿ ಹರಡಿಕೊಂಡಿದೆ, ಹರಳಿನ ಹಿಡಿತವೂ ಸಡಿಲ, ದ್ರಾವಕದ ಆಸರೆ ಬೇಕಾಗುವುದೂ ಕಡಿಮೆ. ಹಾಗಾಗಿ 100 ಗ್ರಾಂ ಅಸಿಟೋನ್‌ನಲ್ಲಿ ಸೋಡಿಯಂ ಅಯೊಡೈಡ್ ಹೆಚ್ಚುಕಡಿಮೆ 40 ಗ್ರಾಂ ಕರಗುತ್ತದೆ. 1910ರಲ್ಲಿ ಹಾನ್ಸ್ ಫಿಂಕಲ್‌ಸ್ಟೈನ್ ವಿವರಿಸಿದ ರಾಸಾಯನಿಕ ಕ್ರಿಯೆ ನಿಂತಿರುವುದೇ ಈ ವ್ಯತ್ಯಾಸದ ಮೇಲೆ: ಕರಗಿದ ಅಯೊಡೈಡ್ ಕ್ರಿಯೆಯಲ್ಲಿ ತೊಡಗುತ್ತದೆ, ಬಿಡುಗಡೆಯಾದ ಕ್ಲೋರೈಡ್ ಉಪ್ಪಾಗಿ ತಳಕ್ಕೆ ಬೀಳುತ್ತದೆ.

ನೀರು ಕೂಡ ಎಲ್ಲ ಸ್ಥಿತಿಯಲ್ಲೂ ಒಂದೇ ದ್ರಾವಕವಲ್ಲ. ಕಾಯಿಸಿದಷ್ಟೂ ಅದರ ಅಣುಗಳ ಓಡಾಟ ಹೆಚ್ಚಿ, ಒಂದೇ ದಿಕ್ಕಿಗೆ ತಿರುಗಿ ನಿಲ್ಲುವ ಶಕ್ತಿ ಕುಂದುತ್ತದೆ. 100 ಡಿಗ್ರಿಯಲ್ಲಿ ಸ್ಥಿರಾಂಕ 55ರ ಸುಮಾರಿಗೆ ಇಳಿದಿರುತ್ತದೆ. ಭಾರಿ ಒತ್ತಡದಲ್ಲಿ 374 ಡಿಗ್ರಿ ದಾಟಿಸಿದರೆ ಅದು ಹತ್ತಕ್ಕಿಂತಲೂ ಕೆಳಗೆ ಹೋಗುತ್ತದೆ. ಆಗ ನೀರು ಎಣ್ಣೆಯನ್ನು ಕರಗಿಸಿಕೊಳ್ಳುತ್ತದೆ, ಉಪ್ಪನ್ನು ಹೊರಹಾಕುತ್ತದೆ. ಇಂಥ ನೀರನ್ನು ಬಳಸುವ ಯಂತ್ರಗಳಲ್ಲಿ ಲವಣ ಕಟ್ಟಿಕೊಂಡು ಕೊಳವೆಗಳು ಮುಚ್ಚಿಹೋಗುವುದು ಎಂಜಿನಿಯರ್‌ಗಳಿಗೆ ದೊಡ್ಡ ತಲೆನೋವು.

ಕಾಫಿ ಸೀಮೆಯಲ್ಲಿ ಈ ರಸಾಯನಶಾಸ್ತ್ರಕ್ಕೆ ಬೋರ್ಡೋ ದ್ರಾವಣಕ್ಕಿಂತ ಒಳ್ಳೆಯ ಪಾಠವಿಲ್ಲ. ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದ ಪಿಯರ್ ಮಾರಿ ಅಲೆಕ್ಸಿ ಮಿಲಾರ್ಡೆ ದ್ರಾಕ್ಷಿಯ ಬೂಜು ರೋಗಕ್ಕೆ ಇದನ್ನು ಔಷಧಿಯಾಗಿ 1885ರಲ್ಲಿ ಪ್ರಕಟಿಸಿದರು. ದಾರಿಬದಿಯ ಬಳ್ಳಿಗಳಿಂದ ದ್ರಾಕ್ಷಿ ಕದಿಯುವುದನ್ನು ತಡೆಯಲು ಅಲ್ಲಿನ ರೈತರು ತಾಮ್ರದ ಲವಣ ಮತ್ತು ಸುಣ್ಣ ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗಳಿಗೆ ರೋಗ ಬರದಿದ್ದುದನ್ನು ಅವರು ಗಮನಿಸಿದ್ದರು. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆರೋಗವನ್ನು ಅಧ್ಯಯನ ಮಾಡಿ, ಗೊನೆಗಳಿಗೆ ಇದನ್ನು ಸಿಂಪಡಿಸುವ ಕ್ರಮವನ್ನು ಬೆಳೆಗಾರರ ನಡುವೆ ಬೇರೂರಿಸಿದರು. ಮಳೆಗಾಲಕ್ಕೆ ಮುಂಚೆ ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುವುದೇ ಅಲ್ಲಿಯವರೆಗೆ ಇದ್ದ ರಕ್ಷಣೆ. ಬಾಳೆಹೊನ್ನೂರಿನ ಸಮೀಪ 1925ರಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರದ ಹಿಂದೆಯೂ ಅವರ ಶ್ರಮವಿದೆ. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದರ ಮುಂದುವರಿಕೆ. ಅರೇಬಿಕಾದ ಎಲೆ ತುಕ್ಕು ರೋಗಕ್ಕೆ ಬೋರ್ಡೋ ಇಂದಿಗೂ ಮೊದಲ ಸಾಲಿನ ಔಷಧಿ.

ಕಾಫಿಗೆ ಹೊಡೆಯುವುದು ಶೇಕಡ ಅರ್ಧದ ದ್ರಾವಣ: 200 ಲೀಟರ್‌ಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಡಿಕೆಗೆ ಶೇಕಡ ಒಂದು: ಅಷ್ಟೇ ಸಾಮಾನಿಗೆ 100 ಲೀಟರ್ ನೀರು. ಇದರಲ್ಲಿ ಅರ್ಧ ನೀರು ಮೈಲುತುತ್ತಕ್ಕೆ, ಅರ್ಧ ಸುಣ್ಣಕ್ಕೆ. ಒಂದು ಕಿಲೋ ಮೈಲುತುತ್ತ 50 ಲೀಟರ್‌ನಲ್ಲಿ ಕರಗಬೇಕೆಂದರೆ 100 ಮಿಲಿಲೀಟರ್‌ಗೆ 2 ಗ್ರಾಂ ಆಯಿತು. ನೀರಿನ ಮಿತಿ 32 ಗ್ರಾಂ. ಅಂದ ಮೇಲೆ ಡ್ರಮ್ಮಿನ ತಳದಲ್ಲಿ ಹರಳು ಗಂಟೆಗಟ್ಟಲೆ ಕರಗದೆ ಕೂರುವುದೇಕೆ? ಹರಳಿಗೆ ತಾಗಿದ ನೀರು ಬೇಗ ತನ್ನ ಮಿತಿ ಮುಟ್ಟಿಬಿಡುತ್ತದೆ. ಆ ಗಾಢ ನೀಲಿ ನೀರು ಭಾರವಾದ್ದರಿಂದ ತಳದಲ್ಲೇ ನಿಂತು, ಮೇಲಿನ ಹೊಸ ನೀರು ಹರಳನ್ನು ತಾಗದಂತೆ ಅಡ್ಡವಾಗುತ್ತದೆ. ತೋಟಗಳಲ್ಲಿ ಮೈಲುತುತ್ತವನ್ನು ಗೋಣಿ ಚೀಲದಲ್ಲೋ ಬಟ್ಟೆಯಲ್ಲೋ ಕಟ್ಟಿ, ನೀರಿನ ಮೇಲ್ಮಟ್ಟದಲ್ಲಿ ಮುಳುಗುವಂತೆ ಕೋಲಿಗೆ ತೂಗುಬಿಡುವ ಕ್ರಮ ಇದಕ್ಕೆ ಮದ್ದು. ಗಾಢ ದ್ರಾವಣ ನೀಲಿ ಎಳೆಗಳಾಗಿ ತಾನಾಗಿಯೇ ಕೆಳಗಿಳಿಯುತ್ತದೆ, ಅದರ ಜಾಗಕ್ಕೆ ತಿಳಿನೀರು ಮೇಲೇರಿ ಬರುತ್ತದೆ. ಯಾರೂ ಕದಡಬೇಕಾಗಿಲ್ಲ. ರಸಾಯನಶಾಸ್ತ್ರದ ಪುಸ್ತಕ ನೋಡದ ಕೆಲಸಗಾರರು ಕೈಯಾರೆ ಕಂಡುಕೊಂಡ ಈ ಜಾಣತನ ಮೆಚ್ಚಬೇಕಾದದ್ದು.

ಸುಣ್ಣದ ಡ್ರಮ್ಮಿನ ಸ್ಥಿತಿ ಬೇರೆ. 50 ಲೀಟರ್ ನೀರು ಕರಗಿಸಿಕೊಳ್ಳಬಲ್ಲ ಸುಣ್ಣ ಸುಮಾರು 85 ಗ್ರಾಂ. ಉಳಿದ 900 ಗ್ರಾಂಗೂ ಮಿಕ್ಕಿದ ಸುಣ್ಣ ಕರಗದ ಪುಡಿಯಾಗಿಯೇ ತೇಲುತ್ತಿರುತ್ತದೆ. ಅದಕ್ಕೇ ಸುಣ್ಣದ ಹಾಲನ್ನು ಕದಡುತ್ತಲೇ ಇರಬೇಕು, ಸೋಸದಿದ್ದರೆ ನಾಜಲ್ ಕಟ್ಟುತ್ತದೆ. ಎರಡೂ ಸೇರಿದಾಗ ಕರಗಿದ ಅಲ್ಪ ಸುಣ್ಣ ತಾಮ್ರದೊಂದಿಗೆ ಕೂಡಿ ಖರ್ಚಾಗುತ್ತದೆ, ಖರ್ಚಾದಷ್ಟು ಮತ್ತೆ ಪುಡಿಯಿಂದ ಕರಗಿ ಬರುತ್ತದೆ. ತಾಮ್ರದ ಅಯಾನು ಹೈಡ್ರಾಕ್ಸೈಡ್ ಜೊತೆ ಸೇರಿ ನೀರಿನಲ್ಲಿ ಬಹುತೇಕ ಕರಗದ ತಿಳಿನೀಲಿ ಗಸಿಯಾಗುತ್ತದೆ. ಕ್ಯಾಲ್ಸಿಯಂ ಮತ್ತು ಸಲ್ಫೇಟ್ ಸೇರಿ ಜಿಪ್ಸಂ ಆಗುತ್ತದೆ. ಬರಿಯ ಲೆಕ್ಕಕ್ಕೆ ಒಂದು ಕಿಲೋ ಮೈಲುತುತ್ತಕ್ಕೆ 300 ಗ್ರಾಂನಷ್ಟು ಶುದ್ಧ ಸುಣ್ಣ ಸಾಕು. ಆದರೆ ಪೇಟೆಯ ಸುಣ್ಣ ಎಷ್ಟೋ ಸಲ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅರ್ಧ ಸತ್ತಿರುತ್ತದೆ. ಅಲ್ಲದೆ ತಾಮ್ರದ ಅಯಾನು ಒಂದಿಷ್ಟೂ ಬಿಡಿಯಾಗಿ ಉಳಿಯಬಾರದು, ಉಳಿದರೆ ಎಲೆ ಸುಡುತ್ತದೆ. ಹಾಗಾಗಿ ಸಮ ತೂಕದ ಸುಣ್ಣ. ಉಜ್ಜಿ ಹೊಳಪಾಗಿಸಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡುವುದು ತೋಟದ ಪರೀಕ್ಷೆ. ಕತ್ತಿಗೆ ಕೆಂಚು ಬಣ್ಣ ಹಿಡಿದರೆ ಕರಗಿದ ತಾಮ್ರ ಇನ್ನೂ ಇದೆ, ಸುಣ್ಣ ಸಾಲದು ಎಂದರ್ಥ. ಕಬ್ಬಿಣದ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಬಾರದು ಎನ್ನುವುದೂ ಇದೇ ಕಾರಣಕ್ಕೆ. ತಾಮ್ರವೆಲ್ಲ ಡ್ರಮ್ಮಿನ ಗೋಡೆಗೆ ಹತ್ತಿಬಿಡುತ್ತದೆ.

ಔಷಧಿಯ ಗುಟ್ಟು ಇರುವುದು ಇಲ್ಲಿಯೇ. ಬರೀ ಮೈಲುತುತ್ತದ ನೀರನ್ನು ಹೊಡೆದಿದ್ದರೆ ಎಲೆಯೂ ಸುಡುತ್ತಿತ್ತು, ಮೊದಲ ಮಳೆಗೇ ತಾಮ್ರವೂ ತೊಳೆದುಹೋಗುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡದೆ ಸುರಿಯುವ ನಾಡಿನಲ್ಲಿ ಕರಗುವ ಲವಣಕ್ಕೆ ಎಲೆಯ ಮೇಲೆ ಬಾಳಿಕೆಯಿಲ್ಲ. ಕರಗದ ಗಸಿ ಮಾತ್ರ ಒಣಗಿ ಅಂಟಿಕೊಂಡು ನಿಲ್ಲುತ್ತದೆ. ಹಾಗೆಂದು ಅದು ಪೂರ್ತಿ ಕರಗದಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಶಿಲೀಂಧ್ರವನ್ನು ಕೊಲ್ಲುವುದು ಬಿಡಿ ತಾಮ್ರದ ಅಯಾನೇ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಸ್ವಲ್ಪ ಹುಳಿಯಾಗಿರುತ್ತದೆ; ಎಲೆಯೂ ಮೊಳೆಯುವ ಬೀಜಕಣವೂ ಸ್ರವಿಸುವ ರಸಗಳು ತಾಮ್ರವನ್ನು ಹಿಡಿದೆಳೆಯುತ್ತವೆ. ಇದರಿಂದ ಗಸಿ ಚೂರು ಚೂರಾಗಿ ಕರಗುತ್ತ ಬರುತ್ತದೆ. ಎಲೆ ತುಕ್ಕಿನ ಬೀಜಕಣ ಎಲೆಯ ಅಡಿಭಾಗದಲ್ಲಿ, ನೀರಿನ ಹನಿಯಲ್ಲೇ ಮೊಳೆತು ಪತ್ರರಂಧ್ರದ ಮೂಲಕ ಒಳಹೊಗುತ್ತದೆ. ತಾಮ್ರದ ಅಯಾನು ಸಿದ್ಧವಾಗಿರಬೇಕಾದದ್ದೂ ಅದೇ ಹನಿಯಲ್ಲಿ. ಒಳಹೊಕ್ಕ ರೋಗಕ್ಕೆ ಬೋರ್ಡೋ ಮದ್ದಲ್ಲ. ಆದ್ದರಿಂದ ಮಳೆ ಹಿಡಿಯುವ ಮುಂಚೆಯೇ, ಎಲೆಯ ಅಡಿಗೆ ತಾಗುವಂತೆ ಹೊಡೆಯಬೇಕೆಂದು ಒತ್ತಿ ಹೇಳುವುದು.

ಎಲೆಯ ಮೇಲೂ ಅಡಿಕೆ ಕಾಯಿಯ ಮೇಲೂ ಮೇಣದ ಪದರವಿದೆ. ಮೇಣ ಅಧ್ರುವೀಯ, ನೀರು ಅದರ ಮೇಲೆ ಹರಡದೆ ಗುಂಡಾಗಿ ಉರುಳುತ್ತದೆ. ಇದಕ್ಕಾಗಿ ಅಡಿಕೆ ತೋಟಗಳಲ್ಲಿ ಬೋರ್ಡೋಗೆ ರಾಳದ ಅಂಟು ಸೇರಿಸುವ ರೂಢಿಯಿದೆ. ರಾಳ ನೀರಿನಲ್ಲಿ ಕರಗದು. ಅದನ್ನು ವಾಷಿಂಗ್ ಸೋಡದೊಂದಿಗೆ ಕುದಿಸಿದರೆ ರಾಳದ ಆಮ್ಲ ಸೋಡಿಯಂ ಲವಣವಾಗಿ ಮಾರ್ಪಟ್ಟು ಕರಗುತ್ತದೆ. ಈ ಲವಣದ ಒಂದು ತುದಿ ಆವೇಶವುಳ್ಳದ್ದು, ನೀರಿಗೆ ಪ್ರಿಯವಾದದ್ದು. ಉಳಿದ ಮೈಯೆಲ್ಲ ಎಣ್ಣೆಯ ಸ್ವಭಾವದ್ದು, ಮೇಣಕ್ಕೆ ಹೊಂದುವಂಥದು. ಒಂದೇ ಅಣುವಿನಲ್ಲಿ ಧ್ರುವೀಯ, ಅಧ್ರುವೀಯ ಎರಡೂ ಗುಣ ಕೂಡಿರುವುದರಿಂದ ಅದು ನೀರನ್ನೂ ಮೇಣವನ್ನೂ ಒಟ್ಟಿಗೆ ತರುತ್ತದೆ. ದ್ರಾವಣದ ಕ್ಯಾಲ್ಸಿಯಂ ಮತ್ತು ತಾಮ್ರದೊಂದಿಗೆ ಸೇರಿದಾಗ ಅದು ಮತ್ತೆ ಕರಗದ ಲವಣವಾಗಿ, ಗಸಿಯನ್ನು ಕಾಯಿಗೆ ಅಂಟಿಸಿಬಿಡುತ್ತದೆ. ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಗಸಿಯಾಗುವುದೂ ಇದೇ ಕ್ರಿಯೆ. ಇ.ಸಿ. ಎಂದು ಗುರುತು ಹಾಕಿದ ಕೀಟನಾಶಕಗಳಲ್ಲಿ ಇದರ ಮಗ್ಗುಲು ಬದಲಾಗುತ್ತದೆ. ಅಲ್ಲಿ ಮದ್ದು ಅಧ್ರುವೀಯ; ಅದನ್ನು ಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿ, ನೀರಿನೊಡನೆ ಹೊಂದಿಸುವ ವಸ್ತು ಸೇರಿಸಿರುತ್ತಾರೆ. ನೀರಿಗೆ ಸುರಿದಾಗ ಬೆಳ್ಳಗಾಗುವುದು ಕರಗಿದ್ದರಿಂದಲ್ಲ, ಸಣ್ಣ ಸಣ್ಣ ಎಣ್ಣೆ ಹನಿಗಳಾಗಿ ಚದುರಿದ್ದರಿಂದ.

ಕರಗಿದ ಲವಣವನ್ನು ಬೇಕೆಂದೇ ಹೊರಗೆ ತೆಗೆಯಲೂ ಧ್ರುವೀಯತೆ ಸಾಧನವಾಗುತ್ತದೆ. ಮೈಲುತುತ್ತದ ಗಾಢ ದ್ರಾವಣಕ್ಕೆ ಎಥೆನಾಲ್ ಸುರಿಯುತ್ತ ಹೋದರೆ ಮಿಶ್ರಣದ ಧ್ರುವೀಯತೆ ಇಳಿದು, ನಯವಾದ ನೀಲಿ ಹರಳುಗಳು ಉದುರತೊಡಗುತ್ತವೆ. ಪದವಿ ತರಗತಿಯ ಪ್ರಯೋಗಾಲಯದಲ್ಲಿ ತಾಮ್ರ ಮತ್ತು ಅಮೋನಿಯದ ಕಡುನೀಲಿ ಸಂಯುಕ್ತವನ್ನು ಹರಳಾಗಿ ಪಡೆಯುವುದು ಹೀಗೆಯೇ. ಬಿಸಿ ಮಾಡಿ ನೀರನ್ನು ಆವಿಯಾಗಿಸಿದರೆ ಅಮೋನಿಯವೂ ಹಾರಿಹೋಗುತ್ತದೆ.

ತಿರುಗುಮುರುಗು ಕೆಲಸವೂ, ಎಂದರೆ ಲವಣವನ್ನು ಎಣ್ಣೆಯಂಥ ದ್ರವದಲ್ಲಿ ಕರಗಿಸುವುದೂ, ಅಸಾಧ್ಯವಲ್ಲ. ಅಮೆರಿಕದ ಡ್ಯೂಪಾಂಟ್ ಕಂಪನಿಯ ಚಾರ್ಲ್ಸ್ ಪೆಡರ್ಸನ್ 1967ರಲ್ಲಿ ಪ್ರಕಟಿಸಿದ ಕಿರೀಟ ಈಥರ್‌ಗಳು ಉಂಗುರದಾಕಾರದ ಅಣುಗಳು. ಉಂಗುರದ ಒಳಬದಿಯಲ್ಲಿ ಆಮ್ಲಜನಕಗಳಿವೆ, ಹೊರಮೈ ಅಧ್ರುವೀಯ. ಪೊಟ್ಯಾಸಿಯಂ ಅಯಾನು ಒಳಗೆ ಸರಿಯಾಗಿ ಕೂರುತ್ತದೆ. ಹೊರಗಿನಿಂದ ನೋಡುವ ಬೆಂಜೀನ್‌ಗೆ ಅದು ತನ್ನಂಥದೇ ಅಣು. ಹೀಗೆ ಪರ್ಮಾಂಗನೇಟ್‌ನಂಥ ಲವಣವೂ ಬೆಂಜೀನ್‌ನಲ್ಲಿ ಕರಗಿ ನೇರಳೆ ಬಣ್ಣ ಕೊಡುತ್ತದೆ. ಪೆಡರ್ಸನ್‌ಗೆ 1987ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಜೀವಕೋಶಗಳಿಗೂ ಇದೇ ಸಮಸ್ಯೆ ಇದೆ. ಕೋಶದ ಪೊರೆಯ ನಡುಭಾಗ ಎಣ್ಣೆಯಂಥ ಪದರ. ಬೇರಿನ ಹತ್ತಿರ ನೀರಿನಲ್ಲಿ ಕರಗಿದ ಪೊಟ್ಯಾಸಿಯಂ ಎಷ್ಟೇ ಇದ್ದರೂ ತಾನಾಗಿ ಅದನ್ನು ದಾಟಲಾರದು. ಅದಕ್ಕಾಗಿಯೇ ಪೊರೆಯಲ್ಲಿ ಪ್ರೋಟೀನಿನ ನಾಳಗಳಿವೆ. ನಾಳದ ಒಳಗೋಡೆಯ ಆಮ್ಲಜನಕಗಳು ನೀರಿನ ಕವಚ ಕಳಚಿದ ಅಯಾನಿಗೆ ಅದೇ ಆಸರೆಯನ್ನು ಒದಗಿಸಿ ದಾಟಿಸುತ್ತವೆ. ಈ ನಾಳದ ರಚನೆಯನ್ನು ಬಿಡಿಸಿ ತೋರಿಸಿದ ರೋಡರಿಕ್ ಮೆಕಿನನ್‌ಗೆ 2003ರಲ್ಲಿ ನೊಬೆಲ್ ಸಂದಿತು.

ಇನ್ನು ಮಣ್ಣು. ಪೊಟ್ಯಾಷ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. 20 ಡಿಗ್ರಿಯಲ್ಲಿ 100 ಮಿಲಿಲೀಟರ್‌ಗೆ ಸುಮಾರು 34 ಗ್ರಾಂ. ಕರಗಿದ ಪೊಟ್ಯಾಸಿಯಂ ಧನ ಅಯಾನಾದ್ದರಿಂದ ಜೇಡಿ ಮತ್ತು ತರಗೆಲೆಯ ಗೊಬ್ಬರದ ಋಣ ಆವೇಶಗಳು ಅದನ್ನು ಒಂದಷ್ಟು ಹಿಡಿದಿಡುತ್ತವೆ. ಕ್ಲೋರೈಡ್, ನೈಟ್ರೇಟ್‌ಗಳಿಗೆ ಆ ಹಿಡಿತವಿಲ್ಲ, ಮಳೆನೀರಿನೊಂದಿಗೆ ಇಳಿದು ಹಳ್ಳ ಸೇರುತ್ತವೆ. ಗೊಬ್ಬರವನ್ನು ಒಂದೇ ಬಾರಿಗೆ ಸುರಿಯದೆ ಹೂವಿಗೆ ಮೊದಲು, ಹೂವಿನ ನಂತರ, ಮಳೆಯ ಬಿಡುವಿನಲ್ಲಿ, ಮಳೆ ಮುಗಿದ ಮೇಲೆ ಎಂದು ಕಂತುಗಳಲ್ಲಿ ಕೊಡುವುದು ಇದಕ್ಕೇ. ಶಿಲಾರಂಜಕ ಇದಕ್ಕೆ ವಿರುದ್ಧ. ಬರೀ ನೀರಿನಲ್ಲಿ ಅದು ಹೆಚ್ಚುಕಡಿಮೆ ಕರಗುವುದೇ ಇಲ್ಲ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಮಾತ್ರ ಅದರ ಫಾಸ್ಫೇಟ್ ಆಮ್ಲದೊಂದಿಗೆ ಕೂಡಿ ನಿಧಾನಕ್ಕೆ ಬಿಡುಗಡೆಯಾಗುತ್ತದೆ, ಆದ್ದರಿಂದಲೇ ಕಾಫಿ ತೋಟಕ್ಕೆ ಅದು ಒಗ್ಗುತ್ತದೆ. ಎಲೆಯಿಂದ ಉದುರಿದ ಬೋರ್ಡೋದ ತಾಮ್ರವೂ ಕೊನೆಗೆ ಸೇರುವುದು ಈ ಮಣ್ಣನ್ನೇ. ಸಾವಯವ ಅಂಶ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಅದು ನೈಟ್ರೇಟ್‌ನಂತೆ ತೊಳೆದುಹೋಗದೆ ಮೇಲ್ಪದರದಲ್ಲೇ ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆ. ಮಣ್ಣು ತೀರ ಹುಳಿಯಾದರೆ ಆ ತಾಮ್ರ ಮತ್ತೆ ಕರಗಿ ಬೇರಿಗೂ ಎರೆಹುಳುವಿಗೂ ತೊಂದರೆ ಕೊಡಬಲ್ಲದು. ಬೋರ್ಡೋ ಹೊಡೆಯುವ ತೋಟದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಹೆಚ್ಚಾಗಿದ್ದರೆ ಸುಣ್ಣವನ್ನೋ ಡೋಲೋಮೈಟನ್ನೋ ಹಾಕಬೇಕೆನ್ನುವುದಕ್ಕೆ ಇದೂ ಒಂದು ಕಾರಣ.